ಫಕ್ಕೀರಪ್ಪನ ಜೇಬಿನ ನಾಲ್ಕು ಅಂಕಿ

ಹುಬ್ಬಳ್ಳಿಯಿಂದ ಹರಿಹರದ ಕಡೆ ಹೋಗುವ ಪ್ಯಾಸೆಂಜರ್ ರೈಲು ಯಲವಿಗಿಯಲ್ಲಿ ನಿಂತಾಗ ಸಣ್ಣಗೆ ಮಳೆ ಹನಿಯುತ್ತಿತ್ತು. ಇಬ್ಬರು ಹೆಂಗಸರು ಒದ್ದೆ ಗೋಣಿ ಹೊದಿಸಿದ ಎಲೆಬುಟ್ಟಿಗಳನ್ನು ಬೋಗಿಯೊಳಕ್ಕೆ ತಳ್ಳಿ, ನನ್ನ ಕಾಲಬುಡದಲ್ಲೇ ಇಟ್ಟು, "ಚೂರು ಸರದ ಕುಂದರ್ರಿ ಅಕ್ಕಾರ" ಎಂದರು. ಸವಣೂರಿನ ವೀಳ್ಯದೆಲೆ. ಆ ಹಸಿ ಎಲೆಯ ಖಾರ ವಾಸನೆ ಮೂಗಿಗೆ ಬಡಿದದ್ದೇ ತಡ, ನಾನು ಎದ್ದು ಬಾಗಿಲವರೆಗೆ ಹೋಗಿ ಗಾಳಿಗೆ ನಿಂತು ಬಂದೆ. ಎದುರು ಕುಳಿತವರು ಆರಾಮ ಇಲ್ಲವೇನೆಂದು ಕೇಳಿದರು. ಏನಿಲ್ಲ ಎಂದೆ. ಎಲೆತೋಟದ ವಾಸನೆ ಉಳಿದವರಿಗೆ ಮದುವೆಮನೆಯನ್ನು ನೆನಪಿಸಬಹುದು. ನನಗೆ ಅದು ಒಂದು ಕರೆಂಟಿನ ಕಂಬವನ್ನೂ ಅದರ ತುದಿಯಲ್ಲಿದ್ದ ಒಬ್ಬ ಮನುಷ್ಯನನ್ನೂ ನೆನಪಿಸುತ್ತದೆ.

ಆ ವರ್ಷ ನಾನು ವಿದ್ಯುತ್ ಕಂಪನಿಯ ಎಂಜಿನಿಯರಾಗಿ ಸವಣೂರಿನಲ್ಲಿದ್ದೆ. ಅವ್ವನೂ ಹಾನಗಲ್ ತಾಲ್ಲೂಕಿನ ನಮ್ಮ ಹಳ್ಳಿ ಬಿಟ್ಟು ನನ್ನ ಜೊತೆ ಬಾಡಿಗೆ ಮನೆಗೆ ಬಂದಿದ್ದಳು. ಬೇಸಿಗೆಯಲ್ಲಿ ಹಾವೇರಿಯ ಸಾಹೇಬರು ನನ್ನನ್ನು ಕರೆಸಿ, ಹಾನಗಲ್, ಶಿಗ್ಗಾಂವಿ, ಸವಣೂರು, ಹಿರೇಕೆರೂರು, ಈ ನಾಲ್ಕೂ ತಾಲ್ಲೂಕುಗಳಲ್ಲಿ 'ಲೈನ್ ಕ್ಲಿಯರ್' ಪದ್ಧತಿಯನ್ನು ಕಂಪ್ಯೂಟರಿಗೆ ತರುವ ಜವಾಬ್ದಾರಿ ನನ್ನದೆಂದು ಹೇಳಿದರು. ಲೈನ್‌ಮನ್ ಕಂಬ ಹತ್ತುವ ಮೊದಲು ಉಪಕೇಂದ್ರದ ಆಪರೇಟರಿಗೆ ಫೋನು ಮಾಡಿ ಆ ಮಾರ್ಗದ ಕರೆಂಟು ತೆಗೆಸುತ್ತಾನೆ. ಕೆಲಸ ಮುಗಿಸಿ ಇಳಿದ ಮೇಲೆ ಮತ್ತೆ ಫೋನು ಮಾಡಿ, ಮುಗೀತು, ಹಾಕು ಎನ್ನುತ್ತಾನೆ. ಹೀಗೆ ಕೇಳಿ ಪಡೆಯುವ ಒಪ್ಪಿಗೆಯೇ ಲೈನ್ ಕ್ಲಿಯರ್. ಎಷ್ಟೋ ವರ್ಷಗಳಿಂದ ಅದು ಬರೀ ಮಾತಿನ ಮೇಲೆ, ದನಿಯ ಗುರುತಿನ ಮೇಲೆ ನಡೆದುಬಂದಿತ್ತು.

ಹಿಂದಿನ ಮಳೆಗಾಲದಲ್ಲಿ ಹಿರೇಕೆರೂರಿನ ಕಡೆ ಆ ಮಾತು ತಪ್ಪಿತ್ತು. ಒಂದೇ ಮಾರ್ಗದಲ್ಲಿ ಇಬ್ಬರು ಬಸವರಾಜರು ಬೇರೆ ಬೇರೆ ಕಂಬಗಳ ಮೇಲಿದ್ದರು. ಒಬ್ಬ ಬಸವರಾಜ ಇಳಿದು ಮುಗೀತು ಎಂದ. ಆಪರೇಟರು ಇನ್ನೊಬ್ಬನೂ ಇಳಿದನೆಂದು ತಿಳಿದು ಕರೆಂಟು ಹಾಕಿದ. ಆ ಇನ್ನೊಬ್ಬ ಬಸವರಾಜ ಕಂಬದ ಮೇಲೆಯೇ ಸತ್ತ.

ಹೊಸ ಪದ್ಧತಿ ಸರಳವಾಗಿತ್ತು. ಲೈನ್ ಕ್ಲಿಯರ್ ಪಡೆದ ಕೂಡಲೇ ಹತ್ತುವವನ ಮೊಬೈಲಿಗೆ ನಾಲ್ಕು ಅಂಕಿ ಬರುತ್ತದೆ. ಅವನು ಇಳಿದ ಮೇಲೆ, ಅವನೇ, ಆ ಅಂಕಿಯನ್ನು ಆಪರೇಟರಿಗೆ ಹೇಳಬೇಕು. ಆಪರೇಟರು ಕಂಪ್ಯೂಟರಿನಲ್ಲಿ ಒತ್ತಿದಾಗ ಪರದೆ ಕೆಂಪಿನಿಂದ ಹಸಿರಾಗುತ್ತದೆ. ಹಸಿರಾಗುವವರೆಗೆ ಆ ಮಾರ್ಗಕ್ಕೆ ಕರೆಂಟು ಬಿಡುವ ಬ್ರೇಕರ್ ಹಾಕುವಂತಿಲ್ಲ. ಹಾಕಲು ಬರುವುದಿಲ್ಲ ಎಂದಲ್ಲ. ಹಿಡಿಕೆ ತಿರುವಿದರೆ ತಂತಿಗೆ ಕರೆಂಟು ಬಂದೇ ಬರುತ್ತದೆ. ಹಾಕಕೂಡದು, ಅಷ್ಟೇ.

ಶಿಗ್ಗಾಂವಿಯ ಮೊದಲ ಸಭೆಯಲ್ಲಿ ನಾನು ಇದನ್ನೆಲ್ಲ ಹೇಳಿ ಮುಗಿಸಿದೆ. ಆಮೇಲೆ ಹಿಂದಿನ ಸಾಲಿನಿಂದ ಒಬ್ಬ ಎದ್ದು, "ಮೇಡಮ್ಮಾರ, ನಾವು ಸುಳ್ಳ ಹೇಳ್ತೇವಿ ಅಂತ ಈ ನಂಬರ್ ಏನ್ರಿ?" ಎಂದ. ಹಾನಗಲ್ಲಿನಲ್ಲಿ ಕಾಡಂಚಿನ ಊರುಗಳವರು, ಮೊದಲು ನೆಟ್‌ವರ್ಕ್ ಕೊಡ್ರಿ, ಆಮೇಲೆ ನಂಬರ್ ಕೊಡ್ರಿ ಎಂದರು. ಹಿರೇಕೆರೂರಿನಲ್ಲಿ ಮಾತ್ರ ಯಾರೂ ಏನೂ ಕೇಳಲಿಲ್ಲ. ತಲೆ ಬಗ್ಗಿಸಿ ಮೊಬೈಲಿಗೆ ಹಾಕಿಸಿಕೊಂಡು ಹೋದರು.

ಕಷ್ಟವಾದದ್ದು ನಾನಿದ್ದ ಸವಣೂರಿನಲ್ಲೇ. ಅಲ್ಲಿಯ ಉಪಕೇಂದ್ರದಲ್ಲಿ ದಾದಾಪೀರ್ ಎಂಬ ಹಿರಿಯ ಆಪರೇಟರಿದ್ದರು. ಭಾರವಾದ ಮೈ, ನೋಯುವ ಮೊಳಕಾಲು, ಮೇಜಿನ ಮೇಲೆ ಸದಾ ಕುರುಕಲಿಗೆ ಸವಣೂರು ಖಾರದ ಪೊಟ್ಟಣ. ಹತ್ತಿಮತ್ತೂರು ಕಡೆಯ ಮಾರ್ಗ ನೋಡಿಕೊಳ್ಳುತ್ತಿದ್ದವನು ಫಕ್ಕೀರಪ್ಪ. ಐವತ್ತು ದಾಟಿದ ತೆಳ್ಳನೆಯ ಆಳು, ಎಲ್ಲರಿಗೂ 'ಮೇಸ್ತ್ರಿ'. ಇಬ್ಬರೂ ಇಪ್ಪತ್ತು ವರ್ಷದಿಂದ ಫೋನಿನಲ್ಲೇ ಸಂಸಾರ ಮಾಡಿದವರು. ದಾದಾಪೀರ್ ನನ್ನೆದುರೇ ನಕ್ಕು ಹೇಳಿದ್ದರು: "ಅವಗ ನೆಗಡಿ ಆಗಿದ್ರೂ ನನಗ ಗೊತ್ತಾಗ್ತೈತ್ರಿ. ಅಂಥಾವನ ಕಡೆ ನಂಬರ್ ಕೇಳಬೇಕ ನಾನು?"

ಮಿರಗದ ಮಳೆ ಬೇಗ ಹಿಡಿಯಿತು. ಗಾಳಿಗೆ ದಿನಕ್ಕೊಂದು ಕಡೆ ತಂತಿ ಹರಿಯುತ್ತಿತ್ತು. ನೆಟ್‌ವರ್ಕ್ ಸಿಗದೆ ಅಂಕಿ ಬರುವುದು ತಡ, ಹೇಳುವುದು ತಡ. ಮೊದಲು ಬೇಗ ಬರುತ್ತಿದ್ದ ಕರೆಂಟು ಈಗ ಹೊತ್ತು ತೆಗೆದುಕೊಳ್ಳತೊಡಗಿತು. ಹತ್ತಿಮತ್ತೂರಿನ ರೈತರು ಟ್ರ್ಯಾಕ್ಟರಿನಲ್ಲಿ ಬಂದು ಆಫೀಸಿನೆದುರು ಕೂಗಾಡಿದರು. ಸಾಹೇಬರು ಪ್ರತಿ ಸಂಜೆ ಫೋನು ಮಾಡಿ, "ನಿಮ್ಮ ತಾಲ್ಲೂಕಿಂದು ಇವತ್ತೂ ಕೆಟ್ಟ ರಿಪೋರ್ಟ್" ಎನ್ನುತ್ತಿದ್ದರು. ಮನೆಗೆ ಬಂದರೆ ಅವ್ವ ಬುದ್ಧನ ಮೂರ್ತಿಯ ಮುಂದೆ ದೀಪ ಹಚ್ಚಿಟ್ಟು ಕತ್ತಲಲ್ಲಿ ಕುಳಿತಿರುತ್ತಿದ್ದಳು.

"ಓಣ್ಯಾಗ ಏನಂತಾರ ಗೊತ್ತೈತೇನು? ನಿನ್ನ ಮಗಳ ಮೊಬೈಲ್ ಹುಚ್ಚಿಗೆ ಊರೆಲ್ಲಾ ಕತ್ತಲಾತು ಅಂತಾರ."

"ನೀ ಏನಂದಿ ಅವ್ವಾ?"

"ನಾ ಏನ ಅನ್ನಲಿ. ನನಗೂ ಕತ್ತಲಾನ ಐತಲ್ಲ."

ಆಮೇಲೆ ಇದ್ದಕ್ಕಿದ್ದಂತೆ ಎಲ್ಲ ಸರಿಹೋಯಿತು. ಸವಣೂರಿನ ಕರೆಂಟು ಮೊದಲಿನಷ್ಟೇ ಬೇಗ ಬರತೊಡಗಿತು. ನಾನು ಖುಷಿಯಿಂದ ಉಪಕೇಂದ್ರಕ್ಕೆ ಹೋಗಿ ಕುಳಿತೆ. ಹಾಗೆ ಕುಳಿತಿರುವಾಗಲೇ ಗುಟ್ಟು ಬಯಲಾಯಿತು. ಲೈನ್‌ಮನ್‌ನ ಮೊಬೈಲಿಗೆ ಅಂಕಿ ಬಂದ ಕ್ಷಣವೇ, ಹತ್ತುವ ಮೊದಲೇ, ಅವನು ಅದನ್ನು ದಾದಾಪೀರರಿಗೆ ಹೇಳಿಬಿಡುತ್ತಿದ್ದ. ಅವರು ನೆನಪಿಟ್ಟುಕೊಂಡಿರುತ್ತಿದ್ದರು. ಇಳಿದ ಮೇಲೆ ಮತ್ತೆ ಅದೇ ಹಳೆಯ ಮಾತು, ಮುಗೀತು, ಹಾಕು. ಪರದೆ ಹಸಿರಾಗುತ್ತಿತ್ತು, ನನ್ನ ರಿಪೋರ್ಟೂ ಹಸಿರಾಗುತ್ತಿತ್ತು. ಆದರೆ ಏನೂ ಬದಲಾಗಿರಲಿಲ್ಲ.

ಫಕ್ಕೀರಪ್ಪನನ್ನು ಕರೆಸಿದೆ. ಅವನು ಮುಚ್ಚಿಡಲಿಲ್ಲ.

"ಹೌದ್ರಿ, ಹೇಳಿರ್ತೇವಿ. ಮಳ್ಯಾಗ ಒದ್ದಿ ಕೈಲೆ ಮೊಬೈಲ್ ತಗದು, ಚಷ್ಮಾ ಹಾಕ್ಕೊಂಡು ಓದೂದು ನಮಗ ಆಗ್ತೈತೇನ್ರಿ? ಮೊಬೈಲೂ ನಮ್ದ, ರೀಚಾರ್ಜೂ ನಮ್ದ."

"ಆ ನಂಬರ್ ನಿಮ್ಮ ಜೀವ ಐತ್ರಿ ಮೇಸ್ತ್ರಿ. ಅದನ್ನ ಇನ್ನೊಬ್ಬರ ಕೈಯಾಗ ಕೊಟ್ಟು ಕಂಬ ಹತ್ತತೀರಲ್ಲ."

"ಇಪ್ಪತ್ತು ವರ್ಷ ದಾದಾಪೀರನ ಕೈಯಾಗ ಕೊಟ್ಟ ಹತ್ತೇನ್ರಿ. ಏನಾತು? ಇಲ್ಲೇ ನಿಂತೇನಲ್ಲ ನಿಮ್ಮ ಮುಂದ."

ನೋಟಿಸು ಕೊಡಬಹುದಿತ್ತು. ಕೊಟ್ಟಿದ್ದರೆ ಅವರೆಲ್ಲ ಇನ್ನೂ ಜಾಣತನದಿಂದ ಮುಚ್ಚಿಡುತ್ತಿದ್ದರು. ಅವನ ದೂರಿನಲ್ಲಿ ನ್ಯಾಯವಿತ್ತು. ಸಾಹೇಬರ ಜೊತೆ ಜಗಳವಾಡಿ ನೀರು ತಾಗದ ಚೀಲದ ಸಮೇತ ಕಂಪನಿಯ ಮೊಬೈಲು ಕೊಡಿಸಿದೆ. ಅಂಕಿ ದಪ್ಪಗೆ ಕಾಣುವಂತೆ ಮಾಡಿಸಿದೆ. ಆದರೂ ದನಿಯ ಮೇಲಿನ ಅವರ ನಂಬಿಕೆಯನ್ನು ಏನು ಮಾಡಬೇಕೆಂದು ತಿಳಿಯಲಿಲ್ಲ. ಹಿರೇಕೆರೂರಿನಲ್ಲಿ ಒಂದು ದಿನದ ತರಬೇತಿ ಇತ್ತು. ಫಕ್ಕೀರಪ್ಪನನ್ನು ಜೀಪಿನಲ್ಲಿ ಕೂರಿಸಿಕೊಂಡು ಹೋದೆ.

ಮಧ್ಯಾಹ್ನದ ಊಟದ ಹೊತ್ತಿಗೆ ಒಬ್ಬ ಲೈನ್‌ಮನ್ ತಾನಾಗಿಯೇ ಬಂದು ಅವನ ಪಕ್ಕ ಕುಳಿತ. ಅವನೇ ಬದುಕಿ ಉಳಿದ ಬಸವರಾಜ. ಇಬ್ಬರೂ ರೊಟ್ಟಿ ಮುರಿಯುತ್ತ ಮಾತಾಡಿಕೊಂಡರು. ನಾನು ದೂರವಿದ್ದೆ. ಒಂದೇ ಮಾತು ಕಿವಿಗೆ ಬಿತ್ತು: "ನಾ ಖರೇನ ಹೇಳಿದ್ದೆ ಅಣ್ಣಾ. ಸುಳ್ಳ ಹೇಳಿದ್ದಿಲ್ಲ."

ಹಾನಗಲ್ ಮೇಲೆ ಹಾಯ್ದು ವಾಪಸು ಬರುವಾಗ ಫಕ್ಕೀರಪ್ಪ ಬಾಯಲ್ಲಿನ ಎಲೆ ಅಡಿಕೆ ಉಗುಳಿ ಸುಮ್ಮನೆ ಹೊರಗೆ ನೋಡುತ್ತಿದ್ದ. ಗೋವಿನಜೋಳದ ಹೊಲಗಳು ಗೇಣೆತ್ತರ ಬಂದಿದ್ದವು. ಸವಣೂರು ಹತ್ತಿರವಾದಾಗ, "ಆತ್ರಿ" ಎಂದ. "ಇನ್ನ ಮ್ಯಾಲೆ ನನ್ನ ನಂಬರ್ ನನ್ನ ಕಿಸೆದಾಗ ಇರತೈತಿ."

ಅವನು ಒಪ್ಪಿದ ಮೇಲೆ ಉಳಿದವರೂ ಒಪ್ಪಿದರು. ದಾದಾಪೀರ್ ಮಾತ್ರ ಮುಖ ಊದಿಸಿಕೊಂಡರು. ಗೆಳೆಯ ತನ್ನನ್ನು ಬಿಟ್ಟುಕೊಟ್ಟನೆಂಬ ಸಂಕಟ ಅವರದು. ಫಕ್ಕೀರಪ್ಪನ ಫೋನು ಬಂದರೆ, "ಹೇಳ್ರಿ ಸಾಹೇಬ್ರ, ನಂಬರ್ ಹೇಳ್ರಿ" ಎಂದು ಚುಚ್ಚುತ್ತಿದ್ದರು.

ಆರಿದ್ರಾ ಮುಗಿಯುತ್ತ ಬಂದ ಒಂದು ಮಧ್ಯಾಹ್ನ ಬಿರುಗಾಳಿ ಎದ್ದಿತು. ಹಳ್ಳದಾಚೆಯ ಎಲೆತೋಟದಲ್ಲಿ ಮರ ಬಿದ್ದು ತಂತಿ ಹರಿಯಿತು. ಫಕ್ಕೀರಪ್ಪನೂ ಅವನ ಜೊತೆಗಾರ ನಿಂಗಪ್ಪನೂ ಹೋದರು. ನಿಂಗಪ್ಪನೂ ಹಳೆಯ ಲೈನ್‌ಮನ್‌ನೇ. ಲೈನ್ ಕ್ಲಿಯರ್ ಪಡೆದರು, ಅಂಕಿ ಬಂತು. ಕರೆಂಟು ಹೋದ ಮೇಲೆ ಆ ಕಡೆಯ ಮೊಬೈಲ್ ಟವರಿನ ಬ್ಯಾಟರಿಯೂ ಖಾಲಿಯಾಗಿ, ಇಡೀ ಭಾಗಕ್ಕೆ ಫೋನು ಸತ್ತಿತು.

ನಾನು ಉಪಕೇಂದ್ರಕ್ಕೆ ಬಂದೆ. ಪರದೆ ಕೆಂಪಗಿತ್ತು. ಹೊತ್ತು ಹೋಗುತ್ತಿತ್ತು. ಆ ಕಡೆ ಹೊಲವಿದ್ದ ಸವಣೂರಿನ ದೊಡ್ಡವರು ಒಬ್ಬರಾದ ಮೇಲೊಬ್ಬರು ಫೋನು ಮಾಡಿದರು. ಆಮೇಲೆ ಆ ಮಾರ್ಗದ ಹಳ್ಳಿಯೊಂದರ ಆಸ್ಪತ್ರೆಯಿಂದ ನರ್ಸೊಬ್ಬಳ ದನಿ ಸ್ಥಿರ ದೂರವಾಣಿಯಲ್ಲಿ ಬಂತು. ಹೆರಿಗೆ ನಡೆದಿದೆ, ಬ್ಯಾಟರಿ ಮುಗಿಯುತ್ತಿದೆ, ಕರೆಂಟು ಯಾವಾಗ ಬರುತ್ತದೆ ಎಂದು. ಟಾರ್ಚು ಹುಡುಕಿಟ್ಟುಕೊಳ್ಳಿ ಎಂದಷ್ಟೇ ಹೇಳಿದೆ.

ಅಷ್ಟರಲ್ಲಿ ದಾದಾಪೀರರ ಫೋನು ಬಡಿದುಕೊಂಡಿತು. ನಿಂಗಪ್ಪ. ಸಿಗ್ನಲ್ ಹುಡುಕಿಕೊಂಡು ಬೈಕಿನಲ್ಲಿ ಯಲವಿಗಿ ಸ್ಟೇಷನ್ನಿನ ಹತ್ತಿರ ಬಂದಿದ್ದ. ದಾದಾಪೀರ್ ನನಗೂ ಕೇಳಲೆಂದು ಸ್ಪೀಕರ್ ಹಾಕಿದರು.

"ಕೆಲಸ ಮುಗದೈತ್ರಿ. ಮೇಸ್ತ್ರಿ ಇಳದಾರ. ನಾ ಕಣ್ಣಾರೆ ನೋಡಿ ಬಂದೇನಿ. ಹಾಕ್ರಿ."

"ನಂಬರ್?" ಎಂದೆ ನಾನು.

"ನಂಬರ್ ಅವರ ಮೊಬೈಲ್‌ನ್ಯಾಗ ಐತ್ರಿ ಮೇಡಮ್ಮಾರ. ಅವರು ಹಿಂದ ನಡಕೋತ ಬರಾಕತ್ತಾರ."

ದಾದಾಪೀರ್ ನನ್ನ ಮುಖ ನೋಡಿದರು. "ಇದು ನಿಂಗಪ್ಪನ ದನಿನ. ಅವ ಸುಳ್ಳ ಹೇಳಾವಲ್ಲ. ಹಾಕಲೇನ್ರಿ?"

"ನಂಬರ್ ಇಲ್ಲದ ಬ್ಯಾಡ್ರಿ."

"ಅಲ್ಲಿ ಹೆಣ್ಣಮಗಳು ಹೆರಾಕತ್ತಾಳ್ರಿ! ಆಕಿಗೆ ಏನರ ಆದ್ರ? ನಿಮ್ಮ ನಾಲ್ಕು ಅಂಕಿ ಬಂದು ಕಾಯ್ತಾವೇನು?"

ಅದೇ ಹೊತ್ತಿಗೆ ಸಾಹೇಬರ ಕರೆಯೂ ಬಂತು. ನಿಂಗಪ್ಪನ ಮಾತು ಅವರಿಗೂ ತಲುಪಿತ್ತು. "ಇಳಿದಾಗಿದೆಯಂತಲ್ಲ, ಇನ್ನೇನು ಹಟ ನಿಮ್ಮದು?" ಎಂದರು. ಮೇಸ್ತ್ರಿಯನ್ನು ನಾನೇ ಹೋಗಿ ಕರೆತರುತ್ತೇನೆ, ಅಲ್ಲಿಯವರೆಗೆ ಬೇಡ ಎಂದೆ. ಅವರು ಫೋನು ಇಟ್ಟುಬಿಟ್ಟರು.

ಜೀಪು ಹತ್ತುವ ಮೊದಲು ಒಳಗೆ ಬಂದು, "ನಾ ಬರೂತನಕ ಇದನ್ನ ಮುಟ್ಟಬ್ಯಾಡ್ರಿ ದಾದಾಪೀರಣ್ಣ" ಎಂದೆ.

ಅವರು ಪರದೆಯ ಕಡೆಗೇ ನೋಡುತ್ತ ಹೇಳಿದರು: "ನನ್ನ ಮ್ಯಾಲೆ ನಂಬಿಕಿ ಇಲ್ಲಂದ್ರ ಇಲ್ಲೇ ಕುಂದರ್ರಿ."

ನಾನು ಹೊರಟೆ. ನಿಂಗಪ್ಪ ಬೈಕಿನಲ್ಲಿ ದಾಟಿಹೋದ ಮೇಲೆ ಹಳ್ಳದ ಹತ್ತಿರ ರಸ್ತೆ ಕೊಚ್ಚಿಹೋಗಿತ್ತು. ಜೀಪು ಬಿಟ್ಟು ಮೊಳಕಾಲುದ್ದ ನೀರಿನಲ್ಲಿ ದಾಟಿದೆ. ದಾರಿಯಲ್ಲಿ ಫಕ್ಕೀರಪ್ಪ ಎದುರಾಗಬೇಕಿತ್ತು. ಆಗಲಿಲ್ಲ. ನನ್ನ ಮೊಬೈಲಿನಲ್ಲಿ ಸಿಗ್ನಲ್ಲಿನ ಒಂದು ಗೆರೆಯೂ ಇರಲಿಲ್ಲ. ಎಲೆತೋಟದ ಒಳಗೆ ಹೊಕ್ಕೆ. ಬಳ್ಳಿಗಳು ಒತ್ತಾಗಿ ಹಬ್ಬಿ, ಆ ಹೊತ್ತಿಗೇ ನಸುಗತ್ತಲು. ಕಾಲಡಿಯಲ್ಲಿ ಎಲೆಗಳು ಜಜ್ಜಿ ಖಾರ ವಾಸನೆ ಏಳುತ್ತಿತ್ತು. ನೆತ್ತಿಯ ಮೇಲೆ ತಂತಿ ಹಾದುಹೋಗಿತ್ತು. ಓಡುತ್ತ ಓಡುತ್ತ ಅದನ್ನೇ ನೋಡುತ್ತಿದ್ದೆ. ಕರೆಂಟು ಇದ್ದರೂ ಅದು ಹಾಗೆಯೇ ಕಾಣುತ್ತದೆ, ಇಲ್ಲದಿದ್ದರೂ ಹಾಗೆಯೇ. ಸಾಹೇಬರು ಈಗ ದಾದಾಪೀರರಿಗೇ ಫೋನು ಮಾಡಿರಬಹುದು. ಅವರು ಹಾಕಿಬಿಟ್ಟಿರಬಹುದು. ಹಾಕಿದ್ದರೂ ತಪ್ಪೇನು, ಮೇಸ್ತ್ರಿ ಇಳಿದಾನಲ್ಲ, ಎಲ್ಲೋ ಮರದ ಕೆಳಗೆ ಮಳೆಗೆ ನಿಂತಾನು ಎಂದು ನನಗೆ ನಾನೇ ಹೇಳಿಕೊಂಡೆ.

ಕೆಲಸ ಮುಗಿದ ಕಂಬದ ಬುಡದಲ್ಲಿ ಯಾರೂ ಇರಲಿಲ್ಲ.

ಅದರಾಚೆಯ ಕಂಬದ ತುದಿಯಲ್ಲಿ ಅವನಿದ್ದ. ಸೊಂಟಕ್ಕೆ ಹಗ್ಗ ಬಿಗಿದು, ಎರಡೂ ಕೈಯಲ್ಲಿ ತಂತಿ ಹಿಡಿದು ತಿರುವುತ್ತಿದ್ದ. ತಂತಿಯನ್ನು ನೆಲಕ್ಕೆ ಜೋಡಿಸುವ ಅರ್ಥಿಂಗ್ ರಾಡ್ ಎಲ್ಲೂ ಕಾಣಲಿಲ್ಲ. ತಪ್ಪಿ ಕರೆಂಟು ಬಂದರೆ ಜೀವ ಉಳಿಸುವುದು ಅದೊಂದೇ.

"ಮೇಸ್ತ್ರಿ! ಇಳೀರಿ! ತಂತಿ ಬಿಡ್ರಿ!"

ಗಾಳಿಗೆ ಅವನಿಗೆ ಸರಿಯಾಗಿ ಕೇಳಲಿಲ್ಲ. ಕೆಳಗೆ ಬಗ್ಗಿ ನೋಡಿ ನಕ್ಕ. "ಒಂದ ಸುತ್ತು ಉಳದೈತ್ರಿ, ತಡೀರಿ!"

"ಬಿಡ್ರೀ ಅಂದ್ರ!"

ನನ್ನ ದನಿಯಲ್ಲಿ ಏನಿತ್ತೋ, ಅವನು ಕೈ ಬಿಟ್ಟ. ಹಗ್ಗ ಸಡಿಲಿಸಿ ಇಳಿಯತೊಡಗಿದ. ಅವನು ಒಂದೊಂದೇ ಹೆಜ್ಜೆ ಕೆಳಗಿಡುವಾಗ ನನ್ನ ಕಿವಿ ತಂತಿಯ ಕಡೆಗೇ ಇತ್ತು, ಗುಂಯ್ ಎನ್ನುತ್ತದೇನೋ ಎಂದು. ಅವನ ಎರಡೂ ಕಾಲು ನೆಲಕ್ಕೆ ತಾಗಿದ ಮೇಲೆ ತೋಳು ಹಿಡಿದು ಅವನನ್ನು ಕಂಬದಿಂದ ದೂರಕ್ಕೆಳೆದೆ.

"ಇಳದೀರಿ ಅಂತ ನಿಂಗಪ್ಪ ಹೇಳಿದನಲ್ರಿ!"

"ಇಳದಿದ್ದೆ. ಅವಗ ಸಾಮಾನು, ಅರ್ಥ್ ರಾಡ್ ಎಲ್ಲಾ ಕಟ್ಟಿ ಕಳಸಿದೆ. ಬೈಕಿನ್ಯಾಗ ನನಗ ಜಾಗ ಇರಲಿಲ್ಲ. ನಡಕೋತ ಹೊಂಟಾಗ ಈ ಕಂಬದಾಗ ತಂತಿ ಸಡ್ಲ ಆಗಿದ್ದು ಕಾಣ್ತು. ಹಂಗ ಬಿಟ್ರ ಮುಂಜಾನೆ ಮತ್ತ ಹರಿತಿತ್ತು." ಅವನು ಅಂಗಿಯ ಜೇಬು ತಟ್ಟಿ ಸಹಜವಾಗಿ ಹೇಳಿದ: "ನಂಬರ್ ನನ್ನ ಕಡೇನ ಐತಲ್ರಿ. ಯಾರು ಹಾಕ್ತಾರ ಅಂತ ಹತ್ತಿದೆ."

ಮೊದಲಿನ ಕಾಲವಾಗಿದ್ದರೆ ಅವನು ಹತ್ತುತ್ತಿರಲಿಲ್ಲ. ನಿಂಗಪ್ಪ ಹೋಗಿ ಫೋನು ಮಾಡುತ್ತಾನೆ, ಕರೆಂಟು ಬರುತ್ತದೆ ಎಂದು ಅವನಿಗೆ ಗೊತ್ತಿರುತ್ತಿತ್ತು. ಈಗ ಹತ್ತಿದ್ದು ನನ್ನ ನಾಲ್ಕು ಅಂಕಿಯನ್ನು ನಂಬಿ. ಅಲ್ಲಿ ಉಪಕೇಂದ್ರದಲ್ಲಿ ನಾವು ಆ ಅಂಕಿ ಬೇಕೋ ಬೇಡವೋ ಎಂದು ವಾದ ಮಾಡುತ್ತ ಕುಳಿತಿದ್ದಾಗ, ಇಲ್ಲಿ ಇವನು ಬರಿಗೈಯಲ್ಲಿ ತಂತಿ ಹಿಡಿದಿದ್ದ. ನಿಂಗಪ್ಪ ಹೇಳಿದ್ದು ನಿಜ, ದಾದಾಪೀರ್ ಗುರುತಿಸಿದ ದನಿಯೂ ನಿಜ. ಆದರೂ ಫಕ್ಕೀರಪ್ಪ ಕಂಬದ ಮೇಲಿದ್ದ. ಇದನ್ನು ಅವನಿಗೆ ಆಗ ಹೇಳಲು ನನ್ನಿಂದಾಗಲಿಲ್ಲ. ರಾಡ್ ಇಲ್ಲದೆ ಹತ್ತಿದ್ದಕ್ಕೆ ಬಾಯಿಗೆ ಬಂದಂತೆ ಬೈದೆ. ಅವನು ಬೈಸಿಕೊಂಡ. ಆಗಿದ್ದಷ್ಟು ಸುತ್ತು ರಾತ್ರಿಗೆ ಸಾಕೆಂದು ಉಳಿದ ಒಂದನ್ನು ಮರುದಿನಕ್ಕೆ ಬಿಟ್ಟೆವು.

ಹಳ್ಳ ದಾಟಿ, ಯಲವಿಗಿಯ ದಿಕ್ಕಿಗೆ ಸಾಕಷ್ಟು ದೂರ ಬಂದ ಮೇಲೆ ಸಿಗ್ನಲ್ ಸಿಕ್ಕಿತು. ಫಕ್ಕೀರಪ್ಪ ಜೀಪಿನಲ್ಲೇ ಕುಳಿತು ಅಂಕಿ ಓದಿದ. ಆ ತುದಿಯಲ್ಲಿ ದಾದಾಪೀರ್ ಏನೂ ಚುಚ್ಚಲಿಲ್ಲ. "ಎಲ್ಲಿದ್ದಿಲೇ ಇಷ್ಟೊತ್ತು?" ಎಂದರು. "ಮತ್ತ ಹತ್ತಿದ್ದೆ" ಎಂದ ಇವನು. ಆ ತುದಿಯಲ್ಲಿ ಅಂಕಿ ಒತ್ತುವ ಸದ್ದು, ಆಮೇಲೆ ಹಿಡಿಕೆ ತಿರುವಿದ ಸದ್ದು ಕೇಳಿಸಿತು. ದೂರದ ಊರಿನಲ್ಲಿ ದೀಪಗಳು ಹತ್ತಿದವು.

ಮಗು ಟಾರ್ಚಿನ ಬೆಳಕಿನಲ್ಲಿ ಹುಟ್ಟಿತ್ತು. ತಾಯಿ ಮಗು ಇಬ್ಬರೂ ಆರಾಮಿದ್ದರು. ಇಲ್ಲದೆ ಹೋಗಿದ್ದರೆ ಆ ಮಧ್ಯಾಹ್ನವನ್ನು ನಾನು ಹೇಗೆ ನೆನೆಯುತ್ತಿದ್ದೆನೋ, ಇವತ್ತಿಗೂ ಯೋಚಿಸಲು ಹೆದರಿಕೆಯಾಗುತ್ತದೆ. ಆಸ್ಪತ್ರೆಗಳಿಗೆ ಬೇರೆ ಮಾರ್ಗದಿಂದ ಕರೆಂಟು ಕೊಡುವ ಏರ್ಪಾಡಿಗೆ ಮರುದಿನವೇ ಬರೆದೆ. ಅದಾಗಲು ಮತ್ತೊಂದು ಮಳೆಗಾಲ ಬೇಕಾಯಿತು.

ಪುಷ್ಯ ಮಳೆಯ ಹೊತ್ತಿಗೆ ಹಾವೇರಿಯಲ್ಲಿ ಸಭೆ ಕರೆದರು. ಕೇಂದ್ರ ಕಚೇರಿಯಿಂದ ಬಂದವರು ಹೊಸ ಸಲಹೆ ತಂದಿದ್ದರು. ತುರ್ತು ಇದ್ದಾಗ ಮೇಲಧಿಕಾರಿ ಒಂದು ಬಟನ್ ಒತ್ತಿದರೆ, ಅಂಕಿ ಇಲ್ಲದೆಯೂ ಪರದೆ ಹಸಿರಾಗುವಂತೆ ಮಾಡುವುದು. ಸಾಹೇಬರು ತಲೆದೂಗಿದರು. ನಾನು ಬೇಡವೆಂದು ವಾದಿಸಿದೆ. ಫಕ್ಕೀರಪ್ಪ ಮತ್ತೆ ಹತ್ತಿದ್ದನ್ನು ಹೇಳಿದೆ. ಅದು ಅವನ ತಪ್ಪು, ರಾಡ್ ಇಲ್ಲದೆ ಹತ್ತಬಾರದಿತ್ತು ಎಂದು ಒಬ್ಬರು ಸರಿಯಾಗಿಯೇ ಹೇಳಿದರು. ಮಾತು ಅಲ್ಲಿಗೇ ಮುಗಿಯುವಂತಿತ್ತು.

ಆಪರೇಟರುಗಳ ಪರವಾಗಿ ಬಂದಿದ್ದ ದಾದಾಪೀರ್ ಹಿಂದಿನ ಕುರ್ಚಿಯಿಂದ ಮೊಳಕಾಲು ಹಿಡಿದುಕೊಂಡು ಎದ್ದರು. ಅವರು ಬಟನ್ನಿನ ಪರ ಮಾತಾಡುತ್ತಾರೆಂದೇ ಎಲ್ಲರೂ ತಿಳಿದಿದ್ದೆವು.

"ಅವತ್ತು ಮೇಡಮ್ಮಾರು ಹ್ವಾದ ಮ್ಯಾಲೆ ನನಗ ಮ್ಯಾಲಿನವರ ಫೋನ್ ಬಂತ್ರಿ. ಯಾರು ಅಂತ ಹೇಳೂದಿಲ್ಲ. ಹಾಕು ಅಂದ್ರು. ನಾ ಎದ್ದು ಹಿಡಿಕಿ ಹಿಡದೆ. ನಿಂಗಪ್ಪನ ಮ್ಯಾಲೆ ನನಗ ನಂಬಿಕಿ ಇತ್ರಿ. ಆದ್ರ ಎದುರಿಗೆ ಪರದೆ ಕೆಂಪಗ ಇತ್ತು. ಅದನ್ನ ನೋಡಿ ಕೈ ತಡೀತು. ಮತ್ತ ಕುಂತೆ." ಅವರು ಕೇಂದ್ರ ಕಚೇರಿಯವರ ಕಡೆ ತಿರುಗಿದರು. "ನೀವು ಹೇಳೂ ಬಟನ್ ಅವತ್ತ ಇದ್ದಿದ್ರ, ಅದು ಹಸಿರು ಆಗಿರ್ತಿತ್ತು. ನಾ ಹಿಡಿಕಿ ತಿರುವಿರ್ತಿದ್ದೆ. ಫಕ್ಕೀರಪ್ಪ ನನ್ನ ಕೈಲೆ ಸತ್ತಿರ್ತಿದ್ದ."

ಸಾಹೇಬರು ಮೇಜಿನ ಮೇಲಿನ ಕಾಗದಗಳನ್ನು ಸರಿಪಡಿಸಿಕೊಂಡರು. ಬಟನ್ನಿನ ವಿಷಯ ಆ ಸಭೆಯಲ್ಲಿ ಮತ್ತೆ ಬರಲಿಲ್ಲ. ಆಮೇಲೆಯೂ ಬರಲಿಲ್ಲ. ಟವರು ಸತ್ತಾಗ ಬಳಸಲು ಗುಂಪಿಗೊಂದು ವೈರ್‌ಲೆಸ್ ಸೆಟ್ಟು ಬಂತು. ರಾಡ್ ಬಿಟ್ಟು ಹತ್ತಿದ್ದಕ್ಕೆ ಫಕ್ಕೀರಪ್ಪನಿಗೆ ನಾನೇ ಎಚ್ಚರಿಕೆಯ ನೋಟಿಸು ಕೊಟ್ಟೆ. ಅವನು ಮಡಚಿ ಜೇಬಿಗಿಟ್ಟುಕೊಂಡ.

ದಾದಾಪೀರ್ ಸಭೆಯಲ್ಲಿ ಹೇಳಿದ್ದು ಫಕ್ಕೀರಪ್ಪನ ಕಿವಿಗೂ ಬಿತ್ತು. ಯಾರು ಹೇಳಿದರೋ ಗೊತ್ತಿಲ್ಲ. ಅವನು ಆ ಬಗ್ಗೆ ನನ್ನನ್ನು ಒಂದು ಮಾತೂ ಕೇಳಲಿಲ್ಲ. ಇನ್ನವನು ಹತ್ತುವಾಗ ಅನುಮಾನಿಸುತ್ತಾನೆ ಎಂದುಕೊಂಡೆ. ಕೆಲವು ದಿನಗಳಲ್ಲೇ ಹತ್ತಿಮತ್ತೂರಿನ ದಾರಿಯಲ್ಲಿ ಮತ್ತೆ ತಂತಿ ಬಿತ್ತು. ನಾನೂ ಹೋದೆ. ಮಳೆ ನಿಂತು ಆಕಾಶ ಬಿಳಿಚಿಕೊಂಡಿತ್ತು. ಫಕ್ಕೀರಪ್ಪ ಲೈನ್ ಕ್ಲಿಯರ್ ಪಡೆದ, ಬಂದ ಅಂಕಿಯನ್ನು ನೋಡಿಕೊಂಡ, ರಾಡ್ ಜೋಡಿಸಿದ. ಸೊಂಟದ ಹಗ್ಗ ಜಗ್ಗಿ ನೋಡಿ, ಚಪ್ಪಲಿ ಕಳಚಿ ಪಕ್ಕಕ್ಕಿಟ್ಟ. ನನ್ನ ಮುಖದಲ್ಲಿ ಅವನಿಗೆ ಏನು ಕಂಡಿತೋ.

"ಹಿಂದ ಸರದ ನಿಂದರ್ರಿ ಮೇಡಮ್ಮಾರ, ಮ್ಯಾಲಿಂದ ಏನರ ಬಿದ್ದೀತು" ಎಂದು ಹೇಳಿ, ಕಂಬಕ್ಕೆ ಕೈ ಹಾಕಿ, ತಿರುಗಿ ನೋಡದೆ ಹತ್ತಿಹೋದ. ಅವನು ಇಳಿಯುವವರೆಗೂ ನಾನು ಕತ್ತು ಕೆಳಗಿಳಿಸಲಿಲ್ಲ.